ಅಟ್ಟದ ಮೇಲಿನ ತಂತಿ: ಲಿನಕ್ಸ್ ಕಂಪ್ಯೂಟರಿಗೆ ನೆಟ್ ಬಾರದಿದ್ದಾಗ ಎಲ್ಲಿಂದ ಹುಡುಕಬೇಕು?

ತಿಪಟೂರಿನ ಪಕ್ಕದ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನವರ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಲ್ಲಾಡಿದ ಮೇಲೆಯೇ ಇಳಿಸುವುದು. ಜಗಲಿಯ ರೂಟರಿನಿಂದ ಒಳಕೋಣೆಯ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ಲೂ ಅದೇ ಅಟ್ಟದ ಮೇಲೆ ಹಾದುಹೋಗಿತ್ತು. ಕಳೆದ ಬೇಸಿಗೆಯ ಒಂದು ಸಂಜೆ ತಂಗಿ ಫೋನ್ ಮಾಡಿದಳು. ನಾನು ತುಮಕೂರಿನಲ್ಲಿದ್ದೆ.

“ಅಣ್ಣ, ಅರ್ಜಿ ತುಂಬಲು ನಾಳೆಯೇ ಕೊನೆಯ ದಿನ. ಕಂಪ್ಯೂಟರಿಗೆ ನೆಟ್ ಬರುತ್ತಿಲ್ಲ. ಪೇಟೆಯಿಂದ ಬಂದವರು ಲಿನಕ್ಸ್ ತೆಗೆದು ಬೇರೆ ಹಾಕಬೇಕು, ಎರಡು ದಿನ ಬೇಕು ಎನ್ನುತ್ತಿದ್ದಾರೆ.”

ಏನನ್ನೂ ತೆಗೆಸಬೇಡ ಎಂದೆ. ಮುಂದಿನ ಮುಕ್ಕಾಲು ಗಂಟೆ ನಾನು ಇಲ್ಲಿಂದ ಕೇಳುತ್ತಾ ಹೋದೆ, ಅವಳು ಅಲ್ಲಿ ನೋಡಿ ಹೇಳುತ್ತಾ ಹೋದಳು. ರಾತ್ರಿ ಎಂಟರ ಹೊತ್ತಿಗೆ ಅರ್ಜಿ ಹೋಗಿತ್ತು. ದೋಷವಿದ್ದದ್ದು ಅಟ್ಟದ ಮೇಲೆ ಇಲಿ ಕಡಿದ ಎರಡು ಎಳೆಗಳಲ್ಲಿ. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲಿನಕ್ಸಿನ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೂ ನೆಟ್ ನಿಂತ ಕೂಡಲೇ ಕಂಪ್ಯೂಟರನ್ನೇ ಅಳಿಸಿ ಹೊಸದಾಗಿ ತುಂಬುವ ಅಭ್ಯಾಸ ನಮ್ಮ ಊರುಗಳಲ್ಲಿ ಬೇರೂರಿದೆ. ಅದರಲ್ಲಿ ಫೋಟೋಗಳು ಹೋಗುತ್ತವೆ, ಲೆಕ್ಕಪತ್ರ ಹೋಗುತ್ತದೆ, ದುಡ್ಡೂ ಹೋಗುತ್ತದೆ; ತುಂಡಾದ ತಂತಿ ಮಾತ್ರ ತುಂಡಾಗಿಯೇ ಉಳಿಯುತ್ತದೆ. ಆ ಸಂಜೆ ತಂಗಿಯನ್ನು ಕೇಳಿದ ಪ್ರಶ್ನೆಗಳನ್ನೇ, ಅದೇ ಕ್ರಮದಲ್ಲಿ, ಇಲ್ಲಿ ಬರೆಯುತ್ತಿದ್ದೇನೆ.

ಕ್ರಮ ಮುಖ್ಯ. ತೋಟದ ಕೊನೆಯ ಮರಕ್ಕೆ ನೀರು ಬಾರದಿದ್ದರೆ ದೊಡ್ಡಪ್ಪ ಹೊಸ ಬೋರ್‌ವೆಲ್ ಕೊರೆಸುವುದಿಲ್ಲ. ಮೋಟಾರಿನ ಬಳಿ ನೀರಿದೆಯೇ ನೋಡುತ್ತಾರೆ, ಗೇಟ್‌ವಾಲ್ವ್ ದಾಟಿದೆಯೇ ನೋಡುತ್ತಾರೆ, ಆಮೇಲೆ ಪೈಪಿನ ಕೂಡುಗಳು, ಕೊನೆಗೆ ಡ್ರಿಪ್ಪರ್. ನೆಟ್‌ವರ್ಕನ್ನೂ ಹಾಗೆಯೇ ನೋಡಬೇಕು. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದೊಂದೇ ಪ್ರಶ್ನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಬದಲಾವಣೆ ಒಟ್ಟಿಗೆ ಮಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆಜ್ಞೆಗಳ ಬಗ್ಗೆ ಒಂದು ಮಾತು. ಲಿನಕ್ಸಿನ ಬಗೆಗಳಾದ ಉಬುಂಟು, ಮಿಂಟ್‌ಗಳಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟರ್ಮಿನಲ್, ಎಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆಯುತ್ತದೆ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ನಾನು ಜಾಗ ಬಿಟ್ಟಲ್ಲಿ ಮಾತ್ರ ಜಾಗ ಬಿಡಿ. ‘ಸುಡೊ’ (ಎಸ್, ಯು, ಡಿ, ಒ) ಎಂದು ಶುರುವಾಗುವ ಆಜ್ಞೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ತೆರೆಯ ಮೇಲೆ ಚುಕ್ಕೆಯೂ ಮೂಡದಿದ್ದರೆ ಗಾಬರಿಯಾಗಬೇಡಿ, ಅಕ್ಷರಗಳು ಒಳಗೆ ಹೋಗುತ್ತಿರುತ್ತವೆ.

ಮೊದಲು ದೀಪ

ಕೀಲಿಮಣೆ ಮುಟ್ಟುವ ಮೊದಲು ಎದ್ದು ಕಂಪ್ಯೂಟರಿನ ಹಿಂಬದಿಗೆ ಹೋಗಿ. ಲ್ಯಾನ್ ಕೇಬಲ್ ಸಿಕ್ಕಿಸುವ ಜ್ಯಾಕಿನ ಅಂಚಿನಲ್ಲಿ ಒಂದೋ ಎರಡೋ ಪುಟ್ಟ ದೀಪಗಳಿರುತ್ತವೆ. ಕಂಪ್ಯೂಟರ್ ಚಾಲೂ ಇದ್ದು, ಕೇಬಲ್ ಸಿಕ್ಕಿಸಿದ್ದೂ ಅವು ಉರಿಯುತ್ತಿಲ್ಲವೆಂದರೆ ವಿದ್ಯುತ್ ಸಂಕೇತವೇ ಬರುತ್ತಿಲ್ಲ ಎಂದರ್ಥ. ಆಗ ತಂತ್ರಾಂಶದಲ್ಲಿ ಏನು ಬದಲಿಸಿದರೂ ಬಹುಪಾಲು ವ್ಯರ್ಥ. ದೀಪ ಉರಿಯುತ್ತಿದ್ದರೆ ತಂತಿಯ ಎರಡು ತುದಿಗಳೂ ಪರಸ್ಪರ ಗುರುತಿಸಿವೆ; ಮಿನುಗುತ್ತಿದ್ದರೆ ದತ್ತಾಂಶ ಓಡಾಡುತ್ತಿದೆ.

“ದೀಪವೇ ಇಲ್ಲ ಅಣ್ಣ” ಎಂದಳು ತಂಗಿ. ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ರೂಟರಿನ ಕಡೆಯನ್ನೂ ನೋಡಬೇಕು. ನಮ್ಮ ಕಡೆ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕರೆಂಟು ಬಂದಾಗ, ಹೋದಾಗ ವೋಲ್ಟೇಜ್ ಏರಿಳಿಯುತ್ತದೆ. ಅಂಥ ಹೊತ್ತಿನಲ್ಲಿ ರೂಟರ್ ಉರಿಯುತ್ತಿದ್ದರೂ ಒಳಗೆ ಸ್ತಬ್ಧವಾಗಿರಬಹುದು. ಅದರ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಅರ್ಧ ನಿಮಿಷ ಬಿಟ್ಟು, ಮತ್ತೆ ಹಾಕಿ. ಕೇಬಲ್ಲನ್ನು ಅಲ್ಲಿ ಬೇರೆ ಲ್ಯಾನ್ ಕಿಂಡಿಗೆ ಬದಲಿಸಿ ನೋಡಿ. ಬೇರೆ ಬಣ್ಣದಲ್ಲಿ, ಸ್ವಲ್ಪ ದೂರದಲ್ಲಿ ಇರುವ ವ್ಯಾನ್ ಕಿಂಡಿಗೆ ಮಾತ್ರ ಹಾಕಬೇಡಿ. ಅದು ಹೊರಗಿನಿಂದ ಬರುವ ಸಂಪರ್ಕಕ್ಕೆ ಮೀಸಲು. ಅಲ್ಲಿ ಸಿಕ್ಕಿಸಿದರೆ ದೀಪ ಉರಿಯುತ್ತದೆ, ನೆಟ್ ಬರುವುದಿಲ್ಲ. ಗಂಟೆಗಟ್ಟಲೆ ದಾರಿ ತಪ್ಪಿಸುತ್ತದೆ.

ತಂತಿಯ ವಿಚಾರ

ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಇರುವುದು ಇಲ್ಲಿಯೇ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಂತಿಯನ್ನು ಪರೀಕ್ಷಿಸುವ ಅತ್ಯಂತ ನಂಬಿಕೆಯ ವಿಧಾನವೆಂದರೆ ಅದನ್ನು ದಾಟಿಬಿಡುವುದು. ಕಂಪ್ಯೂಟರನ್ನೇ ಎತ್ತಿಕೊಂಡು ಹೋಗಿ ರೂಟರಿನ ಪಕ್ಕ ಇಟ್ಟು, ರೂಟರ್ ಡಬ್ಬಿಯಲ್ಲಿ ಬಂದ ಒಂದು ಮೀಟರಿನ ಗಿಡ್ಡ ಕೇಬಲ್ಲಿನಿಂದ ಜೋಡಿಸಿ. ದೀಪ ಹತ್ತಿತೋ, ಕಂಪ್ಯೂಟರಿನದೂ ರೂಟರಿನದೂ ತಪ್ಪಿಲ್ಲ. ನಡುವಿನ ತಂತಿಯದೇ ತಪ್ಪು. ದೊಡ್ಡಪ್ಪನವರು ಸಿಪಿಯು ಎತ್ತಿಕೊಂಡರು, ತಂಗಿ ಮಾನಿಟರ್ ಹೊತ್ತಳು, ಜಗಲಿಯಲ್ಲಿ ದೀಪ ಹತ್ತಿತು. ಅರ್ಜಿ ತುಂಬಿದ್ದು ಅಲ್ಲಿಯೇ, ಜಗಲಿಯ ಮೇಲೆ ಕುಳಿತು.

ಆ ಭಾನುವಾರ ನಾನೇ ಹೋಗಿ ಅಟ್ಟ ಹತ್ತಿದೆ. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳು, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಇಲಿ ಕಡಿದದ್ದು ಕಿತ್ತಳೆ ಜೋಡಿಯನ್ನು. 100 ಮೆಗಾಬಿಟ್ ವೇಗಕ್ಕೆ ಕಿತ್ತಳೆ, ಹಸಿರು ಜೋಡಿಗಳು ಸಾಕು. 1000 ಮೆಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು. ಕಿತ್ತಳೆ ಹೋದ ಕಾರಣ ಏನೂ ಉಳಿಯಲಿಲ್ಲ. ಇಲಿ ನೀಲಿಯನ್ನೋ ಕಂದನ್ನೋ ಕಡಿದಿದ್ದರೆ ನೆಟ್ ನಿಲ್ಲುತ್ತಿರಲಿಲ್ಲ, ಹೆಚ್ಚಿನ ಕಡೆ 100ಕ್ಕೆ ಇಳಿದು ಕುಂಟುತ್ತಿತ್ತು. ‘ನೆಟ್ ಬರುತ್ತದೆ, ಆದರೆ ಮೊದಲಿನ ವೇಗವಿಲ್ಲ’ ಎನ್ನುವ ಎಷ್ಟೋ ಮನೆಗಳಲ್ಲಿ ಆಗಿರುವುದು ಇದೇ. ಅದನ್ನು ತಿಳಿಯುವ ಆಜ್ಞೆ:

ಸುಡೊ ಇಥ್‌ಟೂಲ್ ಇಎನ್‌ಪಿ3ಎಸ್0

ನಡುವಿನ ಹೆಸರಿನ ಕಾಗುಣಿತ ಇ, ಟಿ, ಎಚ್, ಅದಕ್ಕೆ ಅಂಟಿಕೊಂಡು ಟೂಲ್. ಕೊನೆಯದು ನಿಮ್ಮ ನೆಟ್‌ವರ್ಕ್ ಕಾರ್ಡಿನ, ಎಂದರೆ ಲ್ಯಾನ್ ಜ್ಯಾಕನ್ನು ನಡೆಸುವ ಭಾಗದ, ಹೆಸರು. ನಿಮ್ಮಲ್ಲಿ ಬೇರೆ ಇರಬಹುದು, ಅದನ್ನು ತಿಳಿಯುವ ಬಗೆ ಮುಂದೆ ಬರುತ್ತದೆ. ಉತ್ತರದಲ್ಲಿ ‘ಸ್ಪೀಡ್’ ಎಂಬ ಸಾಲು ನೋಡಿ. ಕಾರ್ಡೂ ರೂಟರೂ ಗಿಗಾಬಿಟ್ (1000 ಮೆಗಾಬಿಟ್) ವೇಗದವಾಗಿದ್ದು ಅಲ್ಲಿ 100 ಎಂದಿದ್ದರೆ ತಂತಿಯನ್ನೇ ಅನುಮಾನಿಸಿ. ಕೊನೆಯ ಸಾಲಿನಲ್ಲಿ ‘ಲಿಂಕ್ ಡಿಟೆಕ್ಟೆಡ್’ ಎದುರು ‘ನೋ’ ಎಂದಿದ್ದರೆ ತಂತಿಯಿಂದ ಸಂಕೇತವೇ ಬರುತ್ತಿಲ್ಲ.

ತಂತಿಯ ತುದಿಗೆ ಹೊಸ ಪ್ಲಗ್ ಕ್ರಿಂಪ್ ಮಾಡುವುದಾದರೆ, ಎಂದರೆ ಒತ್ತಿ ಕೂರಿಸುವುದಾದರೆ, ಬಣ್ಣಗಳ ಕ್ರಮ ತಪ್ಪಬಾರದು. ಕೊಕ್ಕೆ ಕೆಳಗಿರುವಂತೆ, ಚಿನ್ನದ ಬಣ್ಣದ ಪಿನ್ನುಗಳ ತುದಿ ಮುಂದಕ್ಕಿರುವಂತೆ ಹಿಡಿದಾಗ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ತೂರಿಕೊಳ್ಳುವುದನ್ನು ಗಮನಿಸಿ. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತು, ಯಾವ ಬಣ್ಣ ಎಲ್ಲಿದ್ದರೇನು ಎಂದು ಕೆಲವರು ಹಸಿರನ್ನು ಹಸಿರಿನ ಪಕ್ಕ, ನೀಲಿಯನ್ನು ನೀಲಿಯ ಪಕ್ಕ ಕೂರಿಸುತ್ತಾರೆ. ಪುಟ್ಟ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ, ತಂತಿ ಸರಿಯಾಗಿದೆ ಎಂದು ಕಾಣುತ್ತದೆ. ಆದರೆ ಒಂದು ಸಂಕೇತ ಹೋಗುವುದು 3 ಮತ್ತು 6ನೆಯ ಪಿನ್ನುಗಳ ಜೋಡಿಯಲ್ಲಿ. ಆ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರಲೇಬೇಕು. ಹೆಣಿಗೆಯೇ ಪಕ್ಕದ ಜೋಡಿಯ ಗದ್ದಲವನ್ನು ತಡೆಯುವುದು. ಅದು ತಪ್ಪಿದರೆ ಗಿಡ್ಡ ತಂತಿಯಲ್ಲಿ ಹೇಗೋ ನಡೆದು, ಉದ್ದ ತಂತಿಯಲ್ಲಿ ಬಿಟ್ಟು ಬಿಟ್ಟು ನೆಟ್ ಬರುತ್ತದೆ. ಇಂಥ ದೋಷ ಹುಡುಕಲು ನನಗೆ ಒಮ್ಮೆ ಪೂರ್ತಿ ಎರಡು ದಿನ ಹಿಡಿದಿತ್ತು.

ಇನ್ನೆರಡು ಸಂಗತಿ. ತಂತಿಯ ಉದ್ದ 100 ಮೀಟರ್ ಮೀರಬಾರದು. ಮನೆಯಿಂದ ತೋಟದ ಮನೆಗೆ ಎಳೆಯುವವರು ಇದನ್ನು ಮರೆಯುತ್ತಾರೆ. ಎರಡನೆಯದು, ಅಗ್ಗದ ಕೇಬಲ್ಲುಗಳಲ್ಲಿ ಎಳೆ ಪೂರ್ತಿ ತಾಮ್ರದ್ದಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದು ಎರಡು ಮೂರು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೊಳ್ಳುವಾಗ ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ಬೇಡ. ದೊಡ್ಡಪ್ಪನ ಮನೆಯಲ್ಲಿ ಈಗ ಶುದ್ಧ ತಾಮ್ರದ ಕೇಬಲ್ ಹಾಕಿ, ಅದನ್ನು ಪಿವಿಸಿ ಪೈಪಿನೊಳಗೆ ಗೋಡೆಯಂಚಿನಲ್ಲಿ ಒಯ್ದಿದ್ದೇನೆ. ಕಾಯಿಯಿದ್ದ ಕಡೆ ಇಲಿ ಇದ್ದೇ ಇರುತ್ತದೆ.

ಬಿಟ್ಟು ಬಿಟ್ಟು ಬರುವ ನೆಟ್‌ಗೆ ಒಂದು ಒಳ್ಳೆಯ ಪರೀಕ್ಷೆಯಿದೆ. ಈ ಆಜ್ಞೆ ಕೊಟ್ಟು ತೆರೆಯನ್ನು ಹಾಗೆಯೇ ಬಿಡಿ:

ಸುಡೊ ಡಿಎಂಇಎಸ್‌ಜಿ -ಡಬ್ಲ್ಯು

ಇದು ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ದಿನಚರಿ. ಆಗಾಗಲೇ ಕಣ್ಣೆದುರು ಮೂಡುತ್ತದೆ. ಈಗ ಒಬ್ಬರು ತೆರೆ ನೋಡುತ್ತಿರಲಿ, ಇನ್ನೊಬ್ಬರು ತಂತಿಯನ್ನು ಒಂದು ತುದಿಯಿಂದ ಮೆಲ್ಲಗೆ ಅಲ್ಲಾಡಿಸುತ್ತಾ ಬರಲಿ. ‘ಲಿಂಕ್ ಈಸ್ ಡೌನ್’ ಎಂದು ಮೂಡಿದ ಕ್ಷಣದಲ್ಲಿ ಕೈ ಎಲ್ಲಿತ್ತೋ ಅಲ್ಲಿಯೇ ತಂತಿ ಒಡೆದಿದೆ. ಮುಗಿದ ಮೇಲೆ ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬನ್ನಿ.

ಲಿನಕ್ಸಿಗೆ ಕಾರ್ಡು ಕಾಣುತ್ತಿದೆಯೇ?

ಐಪಿ ಲಿಂಕ್

ಇದಕ್ಕೆ ಕೆಲವು ಸಾಲುಗಳ ಉತ್ತರ ಬರುತ್ತದೆ. ‘ಎಲ್‌ಒ’ ಎಂಬುದು ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತನಾಡುವ ದಾರಿ, ಬಿಟ್ಟುಬಿಡಿ. ‘ಇಎನ್’ ಎಂದು ಶುರುವಾಗುವುದು ತಂತಿಯ ಕಾರ್ಡು: ಇಎನ್‌ಪಿ3ಎಸ್0, ಇಎನ್‌ಒ1 ಹೀಗೆ. ಕೆಲವು ಕಡೆ ಹಳೆಯ ರೀತಿಯ ಇಟಿಎಚ್0 ಎಂಬ ಹೆಸರೇ ಇರುತ್ತದೆ. ‘ಡಬ್ಲ್ಯುಎಲ್’ ಎಂದರೆ ವೈಫೈ. ತಂತಿಯ ಕಾರ್ಡಿನ ಸಾಲಿನಲ್ಲಿ ‘ನೋ-ಕ್ಯಾರಿಯರ್’ ಎಂದಿದ್ದರೆ ಮತ್ತೆ ತಂತಿಗೇ ಹೋಗಿ. ‘ಲೋಯರ್_ಅಪ್’ ಎಂದಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

‘ಇಎನ್’ ಸಾಲೇ ಇಲ್ಲದಿದ್ದರೆ? ಆಗ ‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೊಟ್ಟು, ‘ಈಥರ್ನೆಟ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದಿರಬೇಕು. ಡ್ರೈವರ್ ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ರಿಯಲ್‌ಟೆಕ್ ಕಾರ್ಡಿಗೆ ಸಾಮಾನ್ಯವಾಗಿ ಆರ್8169, ಇಂಟೆಲ್ ಕಾರ್ಡಿಗೆ ಬಹುಮಟ್ಟಿಗೆ ಇ1000ಇ. ಕಾರ್ಡಿನ ಹೆಸರಿದ್ದು ಡ್ರೈವರ್ ಸಾಲು ಇಲ್ಲವೆಂದರೆ, ಬಹುಶಃ ಕಾರ್ಡು ನಿಮ್ಮ ಕರ್ನಲ್‌ಗಿಂತ ಹೊಸದು. 2.5 ಗಿಗಾಬಿಟ್ ಕಾರ್ಡಿರುವ ಹೊಸ ಮದರ್‌ಬೋರ್ಡಿಗೆ ಹಳೆಯ ಲಿನಕ್ಸ್ ಹಾಕಿದಾಗ ಹೀಗಾಗುತ್ತದೆ. ನೆಟ್ ಇಲ್ಲದೆ ಹೊಸ ಕರ್ನಲ್ ಇಳಿಸಿಕೊಳ್ಳುವುದು ಹೇಗೆ? ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಹಂಚುವ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು ತಕ್ಷಣ ಬಳಸಿಕೊಳ್ಳುತ್ತದೆ. ಅದರ ಮೂಲಕ ಅಪ್‌ಡೇಟ್ ಮಾಡಿ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇರುವವರಿಗೆ ಒಂದು ವಿಶೇಷ ಸೂಚನೆ. ವಿಂಡೋಸಿನಲ್ಲಿ ನೆಟ್ ಬಂದು ಲಿನಕ್ಸಿನಲ್ಲಿ ದೀಪವೇ ಹತ್ತದಿದ್ದರೆ, ವಿಂಡೋಸ್ ಮುಚ್ಚುವಾಗ ಕಾರ್ಡನ್ನು ಮಲಗಿಸಿ ಹೋಗಿರಬಹುದು. ಕಂಪ್ಯೂಟರನ್ನು ಆಫ್ ಮಾಡಿ, ಕರೆಂಟಿನ ತಂತಿಯನ್ನೇ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ನಂತರ ನೇರವಾಗಿ ಲಿನಕ್ಸ್ ತೆರೆಯಿರಿ. ಸರಿಹೋದರೆ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ವಿಳಾಸ ಬಂದಿದೆಯೇ?

ದೀಪ ಉರಿಯುತ್ತಿದೆ, ಕಾರ್ಡು ಕಾಣುತ್ತಿದೆ. ಇನ್ನು ಬೇಕಾದದ್ದು ಐಪಿ ವಿಳಾಸ, ಎಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ. ಈಗ ‘ಐಪಿ ಎ’ ಎಂದು ಕೊಡಿ. ಎ ಎಂಬುದು ಒಂದೇ ಅಕ್ಷರ. ನಿಮ್ಮ ಕಾರ್ಡಿನ ಕೆಳಗೆ ‘ಇನೆಟ್’ ಎಂದು ಶುರುವಾಗಿ 192.168.1.5 ಎಂಬಂಥ ಸಂಖ್ಯೆಯಿದ್ದರೆ ರೂಟರ್ ವಿಳಾಸ ಕೊಟ್ಟಿದೆ. ಸಂಖ್ಯೆಯೇ ಇಲ್ಲದಿದ್ದರೆ, ಅಥವಾ 169.254 ಎಂದು ಶುರುವಾಗಿದ್ದರೆ, ಕೇಳಿದರೂ ಯಾರೂ ಕೊಟ್ಟಿಲ್ಲ.

ಎನ್‌ಎಂಸಿಎಲ್‌ಐ ಡಿವೈಸ್

ಉಬುಂಟು, ಮಿಂಟ್, ಫೆಡೋರಾಗಳ ಡೆಸ್ಕ್‌ಟಾಪ್‌ಗಳಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಅದರ ಅಭಿಪ್ರಾಯವನ್ನು ಈ ಆಜ್ಞೆ ಹೇಳುತ್ತದೆ. ‘ಅನ್‌ಅವೈಲಬಲ್’ ಎಂದರೆ ತಂತಿಯ ಸಮಸ್ಯೆ. ‘ಡಿಸ್‌ಕನೆಕ್ಟೆಡ್’ ಎಂದರೆ ತಂತಿ ಸರಿ, ಸಂಪರ್ಕ ಶುರುವಾಗಿಲ್ಲ. ‘ಎನ್‌ಎಂಸಿಎಲ್‌ಐ ಡಿವೈಸ್ ಕನೆಕ್ಟ್’ ಎಂದು ಬರೆದು ಕಾರ್ಡಿನ ಹೆಸರು ಸೇರಿಸಿ ಕೊಡಿ. ‘ಅನ್‌ಮ್ಯಾನೇಜ್ಡ್’ ಎಂದರೆ ಆ ಕಾರ್ಡನ್ನು ತಾನು ಮುಟ್ಟಬಾರದೆಂದು ನೆಟ್‌ವರ್ಕ್‌ಮ್ಯಾನೇಜರಿಗೆ ಯಾರೋ ಹೇಳಿದ್ದಾರೆ. ಡೆಬಿಯನ್‌ನಲ್ಲಿ ಇದಕ್ಕೆ ಸಾಮಾನ್ಯ ಕಾರಣ ಇಟಿಸಿ ಫೋಲ್ಡರಿನಲ್ಲಿ, ನೆಟ್‌ವರ್ಕ್ ಎಂಬುದರ ಒಳಗಿರುವ ಇಂಟರ್‌ಫೇಸಸ್ ಕಡತ. ಅದರಲ್ಲಿ ನಿಮ್ಮ ಕಾರ್ಡಿನ ಹೆಸರಿರುವ ಸಾಲುಗಳ ಆರಂಭದಲ್ಲಿ ಹ್ಯಾಷ್ ಗುರುತು (#) ಹಾಕಿ, ಕಂಪ್ಯೂಟರ್ ಮರುಪ್ರಾರಂಭಿಸಿ.

ಸರಿಯಾದ ವಿಳಾಸ ಬಾರದಿರಲು ಇನ್ನೂ ಮೂರು ಕಾರಣಗಳನ್ನು ಕಂಡಿದ್ದೇನೆ. ಅಂಗಡಿಯಿಂದ ಮನೆಗೆ ತಂದ ಕಂಪ್ಯೂಟರಿನಲ್ಲಿ ಹಳೆಯ ಜಾಗದ ವಿಳಾಸ ಕೈಯಾರೆ ಬರೆದದ್ದು ಹಾಗೆಯೇ ಉಳಿದಿರುತ್ತದೆ: ಅಲ್ಲಿ 192.168.0, ಇಲ್ಲಿ 192.168.1. ಸಂಪರ್ಕದ ಸೆಟ್ಟಿಂಗಿನಲ್ಲಿ ಐಪಿವಿ4 ಪುಟಕ್ಕೆ ಹೋಗಿ ‘ಆಟೊಮ್ಯಾಟಿಕ್’ ಆರಿಸಿ. ಎರಡು, ಕೆಲವು ಕೇಬಲ್ ಆಪರೇಟರುಗಳು ರೂಟರ್ ಇಲ್ಲದೆ ನೇರ ತಂತಿ ಕೊಟ್ಟು, ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕುವ ಪಿಪಿಪಿಒಇ ವಿಧಾನ ಬಳಸುತ್ತಾರೆ. ಅದಕ್ಕೆ ಡಿಎಸ್‌ಎಲ್ ಎಂಬ ಬಗೆಯ ಹೊಸ ಸಂಪರ್ಕವನ್ನೇ ಸೇರಿಸಬೇಕು. ಮೂರು, ಹಳೆಯ ಕಂಪ್ಯೂಟರಿನ ಕಾರ್ಡಿನ ಗುರುತುಸಂಖ್ಯೆಯನ್ನು ಆಪರೇಟರ್ ಕಟ್ಟಿಹಾಕಿಕೊಂಡಿರಬಹುದು. ಹೊಸ ಕಾರ್ಡಿನ ಸಂಖ್ಯೆ ‘ಐಪಿ ಲಿಂಕ್’ ಉತ್ತರದಲ್ಲಿ ‘ಲಿಂಕ್/ಈಥರ್’ ಎಂಬುದರ ಮುಂದೆ ಇರುತ್ತದೆ; ಅದನ್ನು ಓದಿ ಹೇಳಿದರೆ ಬದಲಿಸಿಕೊಡುತ್ತಾರೆ.

ಮೂರು ಪಿಂಗ್

‘ಐಪಿ ರೂಟ್’ ಎಂದು ಕೊಡಿ. ಇಲ್ಲಿ ರೂಟ್ ಎಂದರೆ ದಾರಿ, ಆರ್, ಒ, ಯು, ಟಿ, ಇ. ‘ಡಿಫಾಲ್ಟ್ ವಯಾ’ ಎಂಬುದರ ಮುಂದಿನ ಸಂಖ್ಯೆಯೇ ನಿಮ್ಮ ರೂಟರಿನ ವಿಳಾಸ. ಇನ್ನು ಹತ್ತಿರದಿಂದ ದೂರಕ್ಕೆ ಮೂರು ಸಲ ಕೂಗಿ ನೋಡುವುದು:

ಪಿಂಗ್ -ಸಿ 4 192.168.1.1
ಪಿಂಗ್ -ಸಿ 4 8.8.8.8
ಪಿಂಗ್ -ಸಿ 4 ಗೂಗಲ್.ಕಾಂ

ಮೊದಲನೆಯದರಲ್ಲಿ ನಿಮ್ಮ ರೂಟರಿನ ಸಂಖ್ಯೆ ಹಾಕಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ನಿಮ್ಮ ಮನೆಯೊಳಗೇ ದಾರಿ ಕಡಿದಿದೆ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಹೊರಗೆ ಹೋಗುವ ದಾರಿಯೇ ಕಂಪ್ಯೂಟರಿಗೆ ಗೊತ್ತಿಲ್ಲ. ವಿಳಾಸದ ಹೆಜ್ಜೆಗೆ ಹಿಂದಿರುಗಿ. ರೂಟರ್ ಉತ್ತರ ಕೊಟ್ಟು, ಗೂಗಲ್ ನಡೆಸುವ 8.8.8.8 ಉತ್ತರ ಕೊಡದಿದ್ದರೆ ತೊಂದರೆ ರೂಟರಿನಿಂದ ಆಚೆಗಿದೆ. ಎರಡೂ ಉತ್ತರ ಕೊಟ್ಟು ಮೂರನೆಯದರಲ್ಲಿ ಮಾತ್ರ ‘ಟೆಂಪರರಿ ಫೈಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂದರೆ ನೆಟ್ ಇದೆ, ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಸಂಪರ್ಕದ ಸೆಟ್ಟಿಂಗಿನಲ್ಲಿ ಐಪಿವಿ4 ಪುಟದ ಡಿಎನ್‌ಎಸ್ ಜಾಗದಲ್ಲಿ 1.1.1.1, 8.8.8.8 ಎಂದು ಬರೆದು, ಸಂಪರ್ಕವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ರಿಸಾಲ್ವ್.ಕಾನ್ಫ್ ಕಡತವನ್ನು ನೇರವಾಗಿ ತಿದ್ದಬೇಡಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ತಿದ್ದಿದ್ದು ಮತ್ತೆ ಅಳಿಸಿಹೋಗುತ್ತದೆ.

ಮೂರೂ ಪಿಂಗ್ ಸರಿಯಿದ್ದು ಬ್ರೌಸರ್ ಮಾತ್ರ ಪ್ರತಿಯೊಂದು ತಾಣಕ್ಕೂ ಪ್ರಮಾಣಪತ್ರದ ದೋಷ ತೋರಿಸುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ಗುಂಡಿಯಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿ.

ಸಿಡಿಲಿನ ನಂತರ

ಭರಣಿ, ಕೃತ್ತಿಕೆ ಮಳೆಗಳ ಹೊತ್ತಿನಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗುಡುಗು ಸಿಡಿಲು ಜೋರು. ಕಂಬದಿಂದ ಮನೆಗೆ, ಮನೆಯಿಂದ ಕೊಟ್ಟಿಗೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ, ಹತ್ತಿರದಲ್ಲಿ ಸಿಡಿಲು ಬಡಿದಾಗ ಅದರ ಹೊಡೆತ ತಂತಿಯಲ್ಲಿ ಹರಿದು ಬಂದು ಜ್ಯಾಕನ್ನು ಸುಡುತ್ತದೆ. ಗಾಜಿನ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಹೊರಾಂಗಣದಲ್ಲಿ ಸಾಧ್ಯವಾದಷ್ಟು ಅದನ್ನೇ ಬಳಸಿ. ಮೋಡ ಕಟ್ಟಿದಾಗಲೇ ಕೇಬಲ್ ಕಿತ್ತಿಡಿ; ಮಿಂಚು ಶುರುವಾದ ಮೇಲೆ ತಂತಿ ಮುಟ್ಟಬೇಡಿ.

ಸಿಡಿಲಿನ ಮರುದಿನ ಗಿಡ್ಡ ಕೇಬಲ್ಲಿನಲ್ಲೂ ದೀಪ ಹತ್ತದೆ, ‘ಎಲ್‌ಎಸ್‌ಪಿಸಿಐ’ ಪಟ್ಟಿಯಿಂದ ಕಾರ್ಡು ಮಾಯವಾಗಿದ್ದರೆ ಜ್ಯಾಕು ಸುಟ್ಟಿದೆ. ಮದರ್‌ಬೋರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪ್ಯೂಟರಿನ ಉಳಿದೆಲ್ಲ ಕೆಲಸ ನಡೆಯುತ್ತಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಈಥರ್ನೆಟ್ ಅಡಾಪ್ಟರ್ ಸಾಕು. ರಿಯಲ್‌ಟೆಕ್‌ನ ಆರ್‌ಟಿಎಲ್8153 ಚಿಪ್ ಇರುವಂಥದ್ದಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಮೊದಲೇ ಇರುತ್ತದೆ.

ಆಪರೇಟರಿಗೆ ಫೋನ್ ಮಾಡುವ ಮುನ್ನ

ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಫೈಬರ್ ಎಲ್ಲೋ ತುಂಡಾಗಿದೆ ಅಥವಾ ತೀರಾ ಮಡಚಿಕೊಂಡಿದೆ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ. ಆ ದೀಪ ಆರಿದ್ದು, ಮೊದಲ ಪಿಂಗ್ ಬಂದು ಎರಡನೆಯದು ಬಾರದಿದ್ದರೆ, ಇದೇ ಮಾತನ್ನು ಫೋನಿನಲ್ಲಿ ಹೇಳಿ: “ಎಲ್‌ಒಎಸ್ ದೀಪ ಇಲ್ಲ, ರೂಟರಿಗೆ ಪಿಂಗ್ ಹೋಗುತ್ತಿದೆ, 8.8.8.8ಕ್ಕೆ ಹೋಗುತ್ತಿಲ್ಲ, ರೂಟರ್ ಆಫ್ ಮಾಡಿ ಆನ್ ಮಾಡಿದ್ದೇನೆ, ಮೊಬೈಲಿಗೆ ವೈಫೈ ಮೂಲಕವೂ ನೆಟ್ ಬರುತ್ತಿಲ್ಲ.” ಇಷ್ಟು ಕೇಳಿದವರು ನಿಮ್ಮ ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಎಂದು ಕೇಳುವ ಅಗತ್ಯವಿರುವುದಿಲ್ಲ. ತಂಗಿ ಈಗ ಈ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು, ರೂಟರಿನ ವಿಳಾಸ, ಕಾರ್ಡಿನ ಹೆಸರು, ಆಪರೇಟರಿನ ನಂಬರ್ ಸಹಿತ, ಮಾನಿಟರಿನ ಹಿಂದೆ ಅಂಟಿಸಿದ್ದಾಳೆ.